ಆಂಗ್ಲಭಾಷೆಯ ಪ್ರಶ್ನವಾಕ್ಯ: ಕನ್ನಡ ವ್ಯಾಕರಣದ ಬೆಳಕಿನಲ್ಲಿ ಒಂದು ವಿವೇಚನೆ

ಭಾರತೀಯ ವಿದ್ಯಾಪರಂಪರೆಯಲ್ಲಿ ಪ್ರಶ್ನೆಗೆ ಗೌರವದ ಸ್ಥಾನವಿದೆ. ಆರು ಮಂದಿ ಜಿಜ್ಞಾಸುಗಳು ಪಿಪ್ಪಲಾದ ಮಹರ್ಷಿಗಳ ಬಳಿಗೆ ಹೋಗಿ ಒಬ್ಬೊಬ್ಬರಾಗಿ ಪ್ರಶ್ನಿಸಿದುದರಿಂದ ಒಂದು ಉಪನಿಷತ್ತಿಗೆ ಪ್ರಶ್ನೋಪನಿಷತ್ತೆಂದೇ ಹೆಸರಾಯಿತು. ಇನ್ನೊಂದು ಉಪನಿಷತ್ತು ತನ್ನ ಮೊದಲ ಪದವಾದ 'ಕೇನ' ಎಂಬ ಪ್ರಶ್ನಾರ್ಥಕ ಸರ್ವನಾಮದಿಂದ ಕೇನೋಪನಿಷತ್ತೆನಿಸಿತು. ಕನ್ನಡದಲ್ಲಿ 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ಸಂಕಲಿಸಿದ ಶೂನ್ಯಸಂಪಾದನೆಯು ಶರಣರ ವಚನಗಳನ್ನು ಸಂವಾದರೂಪದಲ್ಲಿ ಜೋಡಿಸಿದ ಗ್ರಂಥ. ಅಲ್ಲಿ ಹಿರಿಯರೂ ಪ್ರಶ್ನೆಗೆ ಹೊರತಲ್ಲ. ಕೇಳುವವರು ಕಿರಿಯರೆಂದು ಉತ್ತರವು ಕುಗ್ಗುವುದೂ ಇಲ್ಲ.

ಇಂತಹ ನಾಡಿನ ಮಗುವು ಇಂದು ಆಂಗ್ಲಭಾಷೆಯ ತರಗತಿಯಲ್ಲಿ ಪ್ರಶ್ನೆ ಕೇಳಲು ಅಂಜುತ್ತದೆ. ಹಳ್ಳಿಯಿಂದ ಬಂದು ಪ್ರಸಾದನಿಲಯದಲ್ಲಿದ್ದು ಓದುವ ಬಾಲಕನು ಎದ್ದು ನಿಂತು, 'ವೈ ಹಿ ವೆಂಟ್ ದೇರ್?' ಎಂದು ಕೇಳುತ್ತಾನೆ. ಹಿಂದಿನ ಸಾಲಿನವರು ನಗುತ್ತಾರೆ. ಉಪಾಧ್ಯಾಯರು 'ವೈ ಡಿಡ್ ಹಿ ಗೋ ದೇರ್?' ಎಂದು ತಿದ್ದುತ್ತಾರೆ. ತಿದ್ದಿದ್ದು ಸರಿಯೇ ಆದರೂ ಏಕೆ ತಿದ್ದಿದರೆಂಬುದು ಬಾಲಕನಿಗೆ ತಿಳಿಯುವುದಿಲ್ಲ. ಮರುದಿನ ಅವನು ಕೈಯೆತ್ತುವುದಿಲ್ಲ. ಅವನ ಕಲಿಕೆಗೆ ತಡೆಯಾದದ್ದು ವಾಕ್ಯದ ತಪ್ಪಲ್ಲ, ಆ ತಪ್ಪಿಗೆ ಕಾರಣವನ್ನು ಯಾರೂ ಹೇಳದಿರುವುದು.

ಈ ತಪ್ಪು ಅಜ್ಞಾನದಿಂದ ಹುಟ್ಟಿದುದಲ್ಲ. ಕನ್ನಡದ ನಿಯಮವನ್ನು ಮಗುವು ನಿಷ್ಠೆಯಿಂದ ಪಾಲಿಸಿದುದರಿಂದ ಹುಟ್ಟಿದುದು. ಆದುದರಿಂದ ಅದರ ಪರಿಹಾರವೂ ಕನ್ನಡ ವ್ಯಾಕರಣದಲ್ಲಿಯೇ ದೊರೆಯುತ್ತದೆ. ಕನ್ನಡವನ್ನು ಬಲ್ಲ ಉಪಾಧ್ಯಾಯರು ಎರಡು ಭಾಷೆಗಳ ಪ್ರಶ್ನವಾಕ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿದರೆ ಮಗುವಿಗೆ ಕಾರಣವು ಕಾಣುತ್ತದೆ. ಆ ಹೋಲಿಕೆಯನ್ನು ಕ್ರಮವಾಗಿ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಬಾಲದಲ್ಲಿ ಪ್ರಶ್ನೆ, ತಲೆಯಲ್ಲಿ ಪ್ರಶ್ನೆ

ಕನ್ನಡದಲ್ಲಿ ಪ್ರಶ್ನೆಗೆ ಎರಡು ದಾರಿಗಳಿವೆ. ಮೊದಲನೆಯದು, ವಾಕ್ಯದ ಕೊನೆಯ ಪದಕ್ಕೆ ಪ್ರಶ್ನಾರ್ಥಕ ಪ್ರತ್ಯಯವನ್ನು ಸೇರಿಸುವುದು. 'ರಾಮನು ಬಂದನು' ಎಂಬುದು 'ರಾಮನು ಬಂದನೇ?' ಎಂದಾಗುತ್ತದೆ; ಆಡುಮಾತಿನಲ್ಲಿ 'ಬಂದನಾ?' ಎನ್ನುತ್ತಾರೆ. ಎರಡನೆಯದು, ಯಾರು, ಏನು, ಎಲ್ಲಿ, ಯಾವಾಗ, ಹೇಗೆ, ಏಕೆ, ಎಷ್ಟು ಎಂಬ ಪ್ರಶ್ನಪದಗಳನ್ನು ಬಳಸುವುದು. 'ಅವನು ಊರಿಗೆ ಹೋಗುತ್ತಾನೆ' ಎಂಬಲ್ಲಿ 'ಊರಿಗೆ' ಎಂಬ ಪದವನ್ನು ತೆಗೆದು ಅದೇ ಸ್ಥಾನದಲ್ಲಿ 'ಎಲ್ಲಿಗೆ' ಎಂದು ಇಟ್ಟರೆ 'ಅವನು ಎಲ್ಲಿಗೆ ಹೋಗುತ್ತಾನೆ?' ಎಂಬ ಪ್ರಶ್ನೆ ಸಿದ್ಧವಾಯಿತು. ಉಳಿದ ಪದಗಳಲ್ಲಿ ಯಾವುದೂ ತನ್ನ ಸ್ಥಾನವನ್ನು ಬಿಟ್ಟು ಕದಲಲಿಲ್ಲ.

ಆಂಗ್ಲಭಾಷೆಗೆ ಪ್ರಶ್ನಾರ್ಥಕ ಪ್ರತ್ಯಯವಿಲ್ಲ. ವಿಭಕ್ತಿಪ್ರತ್ಯಯಗಳೂ ಬಹುಮಟ್ಟಿಗೆ ಸವೆದುಹೋಗಿರುವುದರಿಂದ ಅಲ್ಲಿ ಪದಗಳ ಸ್ಥಾನವೇ ಅರ್ಥವನ್ನು ಹೇಳಬೇಕು. ಹೇಳಿಕೆಯಲ್ಲಿ ಕರ್ತೃಪದ ಮುಂದೆ, ಕ್ರಿಯಾಪದ ಹಿಂದೆ: 'ಯು ಆರ್ ರೆಡಿ.' ಪ್ರಶ್ನೆಯಲ್ಲಿ ಈ ಕ್ರಮವು ತಿರುಗುತ್ತದೆ: 'ಆರ್ ಯು ರೆಡಿ?' ಕನ್ನಡದಲ್ಲಿ ಪ್ರಶ್ನೆಯೆಂಬ ಸೂಚನೆಯು ವಾಕ್ಯದ ಬಾಲದಲ್ಲಿದ್ದರೆ ಆಂಗ್ಲದಲ್ಲಿ ಅದು ತಲೆಯಲ್ಲಿದೆ. ಸಂಸ್ಕೃತವನ್ನು ಓದಿದವರಿಗೆ ಇದು ಹೊಸದಲ್ಲ. 'ಅಪಿ' ಎಂಬ ಅವ್ಯಯವು ವಾಕ್ಯದ ಮೊದಲಲ್ಲಿ ನಿಂತು ಪ್ರಶ್ನೆಯನ್ನು ಮುಂಚಿತವಾಗಿಯೇ ಸಾರುವುದುಂಟು.

ಪ್ರಶ್ನಪದವುಳ್ಳ ವಾಕ್ಯದಲ್ಲಿ ಆಂಗ್ಲವು ಒಂದಲ್ಲ, ಎರಡು ಸ್ಥಾನಪಲ್ಲಟಗಳನ್ನು ಬಯಸುತ್ತದೆ. ಪ್ರಶ್ನಪದವು ವಾಕ್ಯದ ಆದಿಗೆ ಬರಬೇಕು. ಅನಂತರ ಸಹಾಯಕ ಕ್ರಿಯಾಪದವು ಕರ್ತೃಪದಕ್ಕಿಂತ ಮುಂದೆ ನಿಲ್ಲಬೇಕು. 'ವೇರ್ ಯು ಆರ್ ಗೋಯಿಂಗ್?' ಎನ್ನುವ ವಿದ್ಯಾರ್ಥಿಯು ಮೊದಲ ಪಲ್ಲಟವನ್ನು ಕಲಿತಿದ್ದಾನೆ, ಎರಡನೆಯದನ್ನು ಕಲಿತಿಲ್ಲ. ಅವನ ವಾಕ್ಯ ಅರ್ಧ ಸರಿ. 'ತಪ್ಪು' ಎಂದು ಕೆಂಪು ಗೆರೆ ಎಳೆಯುವುದಕ್ಕಿಂತ 'ಒಂದು ಹೆಜ್ಜೆ ಇಟ್ಟಿದ್ದೀಯೆ, ಇನ್ನೊಂದು ಉಳಿದಿದೆ' ಎಂದರೆ ಅವನು 'ವೇರ್ ಆರ್ ಯು ಗೋಯಿಂಗ್?' ಎಂಬಲ್ಲಿಗೆ ತಾನೇ ತಲಪುತ್ತಾನೆ.

2. 'ಡು' ಎಂಬ ಸಹಾಯಕ

ವಾಕ್ಯದಲ್ಲಿ ಆರ್, ಈಸ್, ಕ್ಯಾನ್, ವಿಲ್, ಹ್ಯಾವ್ ಮುಂತಾದ ಸಹಾಯಕಗಳಿದ್ದರೆ ಅವನ್ನು ಮುಂದಕ್ಕೆ ತಂದರಾಯಿತು. ಅವು ಇಲ್ಲದಿದ್ದಾಗ 'ಡು' ಎಂಬ ಧಾತುವನ್ನು ಕರೆತರಬೇಕಾಗುತ್ತದೆ. 'ಹಿ ಕೇಮ್' ಎಂಬ ಹೇಳಿಕೆಗೆ 'ಡಿಡ್ ಹಿ ಕಮ್?' ಎಂಬುದು ಪ್ರಶ್ನೆ. ಇಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ 'ಡಿಡ್ ಹಿ ಕೇಮ್?' ಎಂದು ಬರೆಯುತ್ತಾರೆ. ಭೂತಕಾಲವನ್ನು 'ಡಿಡ್' ಎಂಬ ಪದವು ಹೊತ್ತ ಮೇಲೆ ಮುಖ್ಯ ಕ್ರಿಯಾಪದವು ಅದನ್ನು ಮತ್ತೆ ಹೊರಬೇಕಾಗಿಲ್ಲ.

ಇದಕ್ಕೆ ಕನ್ನಡದಲ್ಲಿ ಒಳ್ಳೆಯ ನಿದರ್ಶನವಿದೆ. 'ಬಂದನು' ಎಂಬುದರ ನಿಷೇಧರೂಪ 'ಬರಲಿಲ್ಲ'. ಯಾವ ಮಗುವೂ 'ಬಂದನಿಲ್ಲ' ಎನ್ನುವುದಿಲ್ಲ. 'ಇಲ್ಲ' ಎಂಬ ಪದವು ಸೇರಿದೊಡನೆ ಮುಖ್ಯ ಧಾತುವು ತನ್ನ ಕಾಲಪ್ರತ್ಯಯವನ್ನೂ ಲಿಂಗವಚನಗಳ ಪ್ರತ್ಯಯವನ್ನೂ ಬಿಟ್ಟು 'ಬರಲ್' ಎಂಬ ರೂಪಕ್ಕೆ ಇಳಿಯುತ್ತದೆ. ಆಂಗ್ಲದ 'ಡಿಡ್' ಮುಂದೆ ಮುಖ್ಯ ಧಾತುವು ಹೀಗೆಯೇ ತನ್ನ ಆಭರಣಗಳನ್ನು ಕಳಚಿಡುತ್ತದೆ. 'ಡಸ್ ಶಿ ಸಿಂಗ್ಸ್?' ಎಂಬಲ್ಲಿಯೂ ಇದೇ ನ್ಯಾಯ: ಏಕವಚನದ ಗುರುತಾದ ಸಕಾರವು 'ಡಸ್' ಎಂಬಲ್ಲಿಗೆ ಹೋದುದರಿಂದ 'ಡಸ್ ಶಿ ಸಿಂಗ್?' ಎಂಬುದೇ ಸಾಧು.

ಈ 'ಡು' ಆಂಗ್ಲಭಾಷೆಯಲ್ಲಿ ಮೊದಲಿನಿಂದ ಇದ್ದುದಲ್ಲ. ಹಿಂದೆ ಮುಖ್ಯ ಕ್ರಿಯಾಪದವನ್ನೇ ಕರ್ತೃಪದಕ್ಕಿಂತ ಮುಂದಿಟ್ಟು ಪ್ರಶ್ನಿಸುತ್ತಿದ್ದರು. 1611ರಲ್ಲಿ ಪ್ರಕಟವಾದ ಆಂಗ್ಲ ಬೈಬಲಿನಲ್ಲಿಯೂ ಷೇಕ್ಸ್‌ಪಿಯರನ ನಾಟಕಗಳಲ್ಲಿಯೂ ಅಂತಹ ವಾಕ್ಯಗಳು ಹೇರಳವಾಗಿವೆ. 16 ಮತ್ತು 17ನೆಯ ಶತಮಾನಗಳಲ್ಲಿ 'ಡು' ಬಳಕೆ ಹಬ್ಬಿ ಕ್ರಮೇಣ ನೆಲೆಗೊಂಡಿತು. ಅದರ ಬೆಳವಣಿಗೆಯನ್ನು ಅಲ್ವಾರ್ ಎಲ್ಲೆಗೋರ್ಡ್ ಎಂಬ ಸ್ವೀಡನ್ ದೇಶದ ವಿದ್ವಾಂಸರು 1953ರಲ್ಲಿ ವಿಸ್ತಾರವಾಗಿ ನಿರೂಪಿಸಿದ್ದಾರೆ. ಆಂಗ್ಲರೇ ಕೆಲವು ತಲೆಮಾರುಗಳಷ್ಟು ಕಾಲ ಎರಡು ರೀತಿಗಳ ನಡುವೆ ತೂಗಾಡಿದ ವಿಷಯದಲ್ಲಿ ಕನ್ನಡದ ಮಗು ಒಂದೆರಡು ವರ್ಷ ಎಡವಿದರೆ ಅದರಲ್ಲಿ ನಾಚಿಕೆಯೇನೂ ಇಲ್ಲ.

3. ವಿಭಕ್ತಿಯೆಂಬ ದೀಪ

'ಹೂ' ಮತ್ತು 'ವಾಟ್' ಎಂಬ ಪ್ರಶ್ನಪದಗಳು ಬಂದಾಗ 'ಡು' ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ಪದವೀಧರರನ್ನೂ ಕಾಡುವ ಸಂದೇಹ. 'ಹೂ ಕೇಮ್?' ಎನ್ನಬೇಕೋ 'ಹೂ ಡಿಡ್ ಕಮ್?' ಎನ್ನಬೇಕೋ? ಆಂಗ್ಲ ವ್ಯಾಕರಣವು ಕರ್ತೃ, ಕರ್ಮಗಳ ಭೇದದಿಂದ ಇದನ್ನು ವಿವರಿಸುತ್ತದೆ. ಕನ್ನಡದ ವಿದ್ಯಾರ್ಥಿಗೆ ಇದಕ್ಕಿಂತ ಸುಲಭವಾದ ದಾರಿ ಕೈಯಲ್ಲಿಯೇ ಇದೆ. ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿ ಪ್ರಶ್ನಪದದ ವಿಭಕ್ತಿಯನ್ನು ನೋಡಿದರೆ ಸಾಕು.

ಪ್ರಶ್ನಪದವು ಪ್ರಥಮಾ ವಿಭಕ್ತಿಯಲ್ಲಿದ್ದರೆ 'ಡು' ಬೇಡ, ಪಲ್ಲಟವೂ ಬೇಡ. 'ಯಾರು ಬಂದರು?', 'ಹೂ ಕೇಮ್?' ಬೇರೆ ವಿಭಕ್ತಿಯಲ್ಲಿದ್ದರೆ ಸಾಮಾನ್ಯವಾಗಿ 'ಡು' ಬೇಕು. 'ಯಾರನ್ನು ಕಂಡಿರಿ?', 'ಹೂಮ್ ಡಿಡ್ ಯು ಸೀ?' 'ಏನು' ಎಂಬ ಪದದಲ್ಲಿ ಮಾತ್ರ ಒಂದು ಎಚ್ಚರಿಕೆ ಅಗತ್ಯ. ಕನ್ನಡದಲ್ಲಿ ದ್ವಿತೀಯಾ ಪ್ರತ್ಯಯವು ಹಲವೆಡೆ ಲೋಪವಾಗುವುದರಿಂದ 'ಏನು ಬಿತ್ತು?' ಮತ್ತು 'ಅವರು ಏನು ಕೊಟ್ಟರು?' ಎರಡರಲ್ಲಿಯೂ ಒಂದೇ ರೂಪ ಕಾಣುತ್ತದೆ. ಅಲ್ಲಿ 'ಏನನ್ನು' ಎಂದು ಹೇಳಿ ಪರೀಕ್ಷಿಸಬೇಕು. 'ಏನನ್ನು ಬಿತ್ತು' ಎಂಬುದು ಹೊಂದದು. ಆದುದರಿಂದ 'ವಾಟ್ ಫೆಲ್?' 'ಏನನ್ನು ಕೊಟ್ಟರು' ಎಂಬುದು ಹೊಂದುತ್ತದೆ. ಆದುದರಿಂದ 'ವಾಟ್ ಡಿಡ್ ದೇ ಗಿವ್?' ಈಸ್, ಆರ್, ವಾಸ್ ಎಂಬ ಅಸ್ತಿತ್ವವಾಚಕ ಕ್ರಿಯಾಪದಗಳಿಗೆ ಮತ್ತು ಈಗಾಗಲೇ ಸಹಾಯಕವುಳ್ಳ ವಾಕ್ಯಗಳಿಗೆ 'ಡು' ಸೇರುವುದಿಲ್ಲವೆಂಬುದನ್ನು ಇದರೊಡನೆ ನೆನಪಿಡಬೇಕು.

ಏಳು ವಿಭಕ್ತಿಗಳನ್ನು ಬಾಯಿಪಾಠ ಮಾಡಿದ್ದರಿಂದ ಏನು ಪ್ರಯೋಜನವೆಂದು ಕೇಳುವವರಿಗೆ ಇದು ಒಂದು ಉತ್ತರವಾಗಬಹುದು.

ಆಂಗ್ಲಕ್ಕಿಂತ ಕನ್ನಡವು ಸಮರ್ಥವಾಗಿರುವ ಎಡೆಯೂ ಒಂದುಂಟು. 'ಎಷ್ಟನೆಯ' ಎಂಬ ಪದಕ್ಕೆ ಆಂಗ್ಲದಲ್ಲಿ ನೇರವಾದ ಸಾಟಿಯಿಲ್ಲ. 'ಡಾ. ರಾಧಾಕೃಷ್ಣನ್ ಅವರು ಭಾರತದ ಎಷ್ಟನೆಯ ರಾಷ್ಟ್ರಪತಿಗಳು?' ಎಂದು ಕನ್ನಡದ ಮಗುವು ಒಂದೇ ಉಸಿರಿನಲ್ಲಿ ಕೇಳುತ್ತದೆ. 'ಎರಡನೆಯ' ಎಂಬುದು ಉತ್ತರ. ಆಂಗ್ಲದಲ್ಲಿ ಇದನ್ನು ಸುತ್ತುಬಳಸಿ, ಅವರಿಗಿಂತ ಮೊದಲು ಎಷ್ಟು ಮಂದಿ ರಾಷ್ಟ್ರಪತಿಗಳಿದ್ದರು ಎಂಬಂತೆ ಕೇಳಬೇಕಾಗುತ್ತದೆ. ಇದನ್ನು ತರಗತಿಯಲ್ಲಿ ಹೇಳಿದರೆ ತನ್ನ ಭಾಷೆ ಕೊರತೆಯುಳ್ಳದ್ದೆಂಬ ಭಾವನೆ ಮಗುವಿನಿಂದ ತೊಲಗುತ್ತದೆ.

4. ಪ್ರಶ್ನೆಯೊಳಗಿನ ಹೇಳಿಕೆ, ಹೇಳಿಕೆಯೊಳಗಿನ ಪ್ರಶ್ನೆ

ಪಲ್ಲಟವನ್ನು ಚೆನ್ನಾಗಿ ಕಲಿತ ವಿದ್ಯಾರ್ಥಿಯು ಅನಂತರ ಅದನ್ನು ಬೇಡದ ಕಡೆಯಲ್ಲಿಯೂ ಬಳಸತೊಡಗುತ್ತಾನೆ. 'ಐ ಡು ನಾಟ್ ನೋ ವೇರ್ ಈಸ್ ಹಿ' ಎಂಬ ವಾಕ್ಯ ಅಂತಹದು. ಇಲ್ಲಿ ಹೊರಗಿನ ವಾಕ್ಯವು ಹೇಳಿಕೆ. ಪ್ರಶ್ನೆಯು ಅದರೊಳಗೆ ಅಡಗಿ ಅಧೀನವಾಗಿದೆ. ಆದುದರಿಂದ 'ಐ ಡು ನಾಟ್ ನೋ ವೇರ್ ಹಿ ಈಸ್' ಎಂಬುದು ಸರಿ, ಕೊನೆಯಲ್ಲಿ ಪೂರ್ಣವಿರಾಮ.

ಇದಕ್ಕೂ ಕನ್ನಡದಲ್ಲಿ ಕೈಮರವಿದೆ. 'ಅವನು ಎಲ್ಲಿದ್ದಾನೋ ತಿಳಿಯದು', 'ಅವನು ಬಂದನೋ ಇಲ್ಲವೋ ತಿಳಿಯದು', 'ಅವನು ಎಲ್ಲಿಗೆ ಹೋದನೆಂದು ಕೇಳಿದರು' ಎಂಬ ವಾಕ್ಯಗಳಲ್ಲಿ ಪ್ರಶ್ನೆಯು ಓಕಾರದಿಂದಲೋ 'ಎಂದು' ಎಂಬ ಅವ್ಯಯದಿಂದಲೋ ಹೊರವಾಕ್ಯಕ್ಕೆ ಬಂಧಿಸಲ್ಪಟ್ಟಿದೆ. ಕನ್ನಡದಲ್ಲಿ ಹೀಗೆ ಬಂಧಿತವಾದ ಪ್ರಶ್ನೆಯೊಳಗೆ ಆಂಗ್ಲದಲ್ಲಿ ಪಲ್ಲಟವಿಲ್ಲ. 'ಬಂದನೋ ಇಲ್ಲವೋ' ಎಂಬ ಓಕಾರದ ಕೆಲಸವನ್ನು ಆಂಗ್ಲದಲ್ಲಿ 'ವೆದರ್' ಎಂಬ ಪದ ಮಾಡುತ್ತದೆ.

ಹೊರಗಿನ ವಾಕ್ಯವೇ ಪ್ರಶ್ನೆಯಾಗಿದ್ದರೆ ಪ್ರಶ್ನಚಿಹ್ನೆ ಬೇಕು, ಆದರೆ ಒಳಗಿನ ಭಾಗಕ್ಕೆ ಪಲ್ಲಟ ಬೇಡ. 'ಅಂಚೆ ಕಚೇರಿ ಎಲ್ಲಿದೆ ಎಂದು ಹೇಳುವಿರಾ?' ಎಂಬುದಕ್ಕೆ 'ಕುಡ್ ಯು ಟೆಲ್ ಮಿ ವೇರ್ ದಿ ಪೋಸ್ಟ್ ಆಫೀಸ್ ಈಸ್?' ಎಂಬುದು ಸಾಧುರೂಪ. ಪಲ್ಲಟವು 'ಕುಡ್ ಯು' ಎಂಬಲ್ಲಿ ಒಮ್ಮೆ ಆಗಿದೆ. ಎರಡನೆಯ ಸಲ ಆಗಬಾರದು.

5. 'ಅಲ್ಲವೇ', 'ಹೌದು', 'ಇಲ್ಲ'

ಕನ್ನಡದಲ್ಲಿ ಹೇಳಿಕೆಯ ಕೊನೆಗೆ 'ಅಲ್ಲವೇ?' ಎಂದು ಸೇರಿಸಿ ಒಪ್ಪಿಗೆಯನ್ನು ಕೋರುವುದುಂಟು. 'ನೀವು ನಾಳೆ ಬರುತ್ತೀರಿ, ಅಲ್ಲವೇ?', 'ಅವಳು ಹಾಡುತ್ತಾಳೆ, ಅಲ್ಲವೇ?' ಎಲ್ಲಕ್ಕೂ ಒಂದೇ ಪದ ಸಾಕು. ಇದರ ಪ್ರಭಾವದಿಂದ ಎಲ್ಲ ವಾಕ್ಯಗಳಿಗೂ 'ಇಸಂಟ್ ಇಟ್' ಎಂಬ ಒಂದೇ ಬಾಲವನ್ನು ಅಂಟಿಸುವ ರೂಢಿ ಭಾರತೀಯರಲ್ಲಿ ಬೆಳೆದಿದೆ. ಶಿಷ್ಟ ಆಂಗ್ಲದಲ್ಲಿ ಬಾಲವು ತಲೆಗೆ ಹೊಂದಬೇಕು: 'ಯು ವಿಲ್ ಕಮ್, ವೋಂಟ್ ಯು?', 'ಶಿ ಸಿಂಗ್ಸ್, ಡಸಂಟ್ ಶಿ?' ಹೇಳಿಕೆಯು ನಿಷೇಧವಾಗಿದ್ದರೆ ಬಾಲವು ವಿಧಿರೂಪವನ್ನು ತಾಳುತ್ತದೆ. ಎರಡರ ನಡುವೆ ಅಲ್ಪವಿರಾಮ, ಕೊನೆಯಲ್ಲಿ ಪ್ರಶ್ನಚಿಹ್ನೆ.

ಇದಕ್ಕಿಂತ ಗಂಭೀರವಾದುದು ನಿಷೇಧಪ್ರಶ್ನೆಯ ಉತ್ತರ. 'ಔಷಧಿ ತೆಗೆದುಕೊಳ್ಳಲಿಲ್ಲವೇ?' ಎಂದರೆ ಕನ್ನಡಿಗನು 'ಹೌದು, ತೆಗೆದುಕೊಳ್ಳಲಿಲ್ಲ' ಎನ್ನಬಹುದು. ಕೇಳಿದವರ ಊಹೆ ನಿಜವೆಂದು ಒಪ್ಪುವುದು ಆ 'ಹೌದು' ಪದದ ಅರ್ಥ. ಆಂಗ್ಲದ 'ಯೆಸ್' ಮತ್ತು 'ನೋ' ಕೇಳಿದವರ ಊಹೆಯನ್ನು ನೋಡುವುದಿಲ್ಲ. ಉತ್ತರದಲ್ಲಿರುವ ಸಂಗತಿಯನ್ನು ಮಾತ್ರ ನೋಡುತ್ತವೆ. ತೆಗೆದುಕೊಂಡಿದ್ದರೆ 'ಯೆಸ್, ಐ ಡಿಡ್'. ಇಲ್ಲದಿದ್ದರೆ 'ನೋ, ಐ ಡಿಡ್ ನಾಟ್'. ಕನ್ನಡದ ಮನಸ್ಸಿನಿಂದ ಬರಿಯ 'ಯೆಸ್' ಎಂದುತ್ತರಿಸಿದ ರೋಗಿಯು ಔಷಧಿಯನ್ನು ಸೇವಿಸಿದ್ದಾನೆಂದು ವೈದ್ಯರು ತಿಳಿದುಕೊಂಡರೆ ಫಲವೇನಾದೀತು? ನ್ಯಾಯಾಲಯದಲ್ಲಿ ಸಾಕ್ಷಿಯು 'ಯೆಸ್' ಎಂದರೆ ತಾನು ಹೇಳಬೇಕೆಂದಿದ್ದುದಕ್ಕೆ ವಿರುದ್ಧವಾದ ಮಾತು ದಾಖಲಾದೀತು. ಆದುದರಿಂದ ಇಂತಹ ಪ್ರಶ್ನೆಗಳಿಗೆ ಒಂದೇ ಪದದಲ್ಲಿ ಉತ್ತರಿಸದೆ ಪೂರ್ಣವಾಕ್ಯವನ್ನು ಹೇಳುವ ಅಭ್ಯಾಸವನ್ನು ಮಕ್ಕಳಿಗೆ ಮಾಡಿಸಬೇಕು.

6. ಗೌರವದ ಸ್ಥಾನ

ಕನ್ನಡದಲ್ಲಿ ಗೌರವವು ಕ್ರಿಯಾಪದದ ಕೊನೆಯಲ್ಲಿ ನೆಲೆಸಿದೆ. 'ಯಾವಾಗ ಬರುತ್ತೀಯೆ?' ಎಂಬುದನ್ನು 'ಯಾವಾಗ ಬರುತ್ತೀರಿ?' ಎಂದರೆ ಸಾಕು, ಹಿರಿಯರಿಗೆ ಸಲ್ಲಬೇಕಾದುದು ಸಲ್ಲಿತು. ಈಗಿನ ಆಂಗ್ಲದಲ್ಲಿ ನೀನು, ನೀವು, ತಾವು ಮೂರಕ್ಕೂ 'ಯು' ಒಂದೇ. ಅಲ್ಲಿ ವಿನಯವನ್ನು ಹೊರುವವು 'ಕುಡ್', 'ವುಡ್', 'ಮೇ' ಎಂಬ ಸಹಾಯಕಗಳು. 'ಗಿವ್ ಮಿ ಲೀವ್' ಎಂದು ಬರೆಯುವ ವಿದ್ಯಾರ್ಥಿಯು ಉದ್ಧಟನಲ್ಲ. 'ರಜೆ ಕೊಡಿರಿ' ಎಂಬಲ್ಲಿಯ ಬಹುವಚನದ ಗೌರವವು ಆಂಗ್ಲಕ್ಕೆ ದಾಟುವಾಗ ಕಳಚಿಬಿದ್ದಿದೆ, ಅಷ್ಟೆ. 'ಮೇ ಐ ಹ್ಯಾವ್ ಲೀವ್ ಟುಡೇ?' ಎಂದು ಪ್ರಶ್ನರೂಪದಲ್ಲಿ ಕೇಳುವುದನ್ನು ಕಲಿಸಿದರೆ ಅದು ಮರಳಿ ದೊರೆಯುತ್ತದೆ.

7. ಪ್ರಶ್ನಚಿಹ್ನೆಯ ಪೂರ್ವೋತ್ತರ

ಭಾರತದ ತಾಳೆಗರಿಗಳಲ್ಲಿ ಪ್ರಶ್ನಚಿಹ್ನೆ ಇರಲಿಲ್ಲ. ಒಂದು ಅಥವಾ ಎರಡು ನಿಲುಗೆರೆಗಳೇ ವಿರಾಮದ ಗುರುತು. ಕೇಶಿರಾಜನ ಶಬ್ದಮಣಿದರ್ಪಣವಾಗಲಿ 1604ರಲ್ಲಿ ಮುಗಿದ ಭಟ್ಟಾಕಳಂಕದೇವನ ಶಬ್ದಾನುಶಾಸನವಾಗಲಿ ಇದನ್ನು ಕುರಿತು ಹೇಳಬೇಕಾದ ಅವಶ್ಯಕತೆ ಇರಲಿಲ್ಲ. ಮುದ್ರಣಾಲಯಗಳು ಬಂದ ಮೇಲೆ ಇತರ ಲೇಖನಚಿಹ್ನೆಗಳೊಡನೆ ಇದೂ ಆಂಗ್ಲದಿಂದ ಕನ್ನಡಕ್ಕೆ ಬಂದಿತು. ಹೀಗೆ ಬಂದ ಚಿಹ್ನೆಯು ಕೆಲವೆಡೆ ಅರ್ಥನಿರ್ಣಯವನ್ನೇ ಮಾಡುತ್ತದೆ. 'ಬಂದದ್ದು ರಾಮನೇ' ಎಂಬಲ್ಲಿ ಏಕಾರವು ಅವಧಾರಣಾರ್ಥಕ. ಬಂದವನು ರಾಮನಲ್ಲದೆ ಬೇರೆಯವನಲ್ಲ ಎಂದರ್ಥ. 'ಬಂದದ್ದು ರಾಮನೇ?' ಎಂಬಲ್ಲಿ ಅದೇ ಏಕಾರ ಸಂಶಯವನ್ನು ಸೂಚಿಸುತ್ತದೆ. ಮಾತಿನಲ್ಲಿ ಧ್ವನಿಯು ಮಾಡುವ ಭೇದವನ್ನು ಬರಹದಲ್ಲಿ ಈ ಒಂದು ಚಿಹ್ನೆಯೇ ಮಾಡಬೇಕು. 1923ರಲ್ಲಿ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದುದು ಮೊದಲ್ಗೊಂಡು, ಓಲೆಗರಿಯ ವಚನಗಳನ್ನು ಅಚ್ಚಿಗೆ ಅಣಿಗೊಳಿಸುವ ಪ್ರತಿಯೊಬ್ಬ ಸಂಪಾದಕನ ಮುಂದೆಯೂ ಈ ಸಮಸ್ಯೆ ನಿಲ್ಲುತ್ತದೆ. ಏಕಾರಾಂತವಾದ ಸಾಲಿನ ಮುಂದೆ ಚಿಹ್ನೆಯನ್ನು ಇಡುವುದೂ ಬಿಡುವುದೂ ಒಂದು ಬಗೆಯ ವ್ಯಾಖ್ಯಾನವೇ.

ಯೂರೋಪಿನಲ್ಲಿ ಈ ಚಿಹ್ನೆಯ ಮೂಲರೂಪವು 8ನೆಯ ಶತಮಾನದ ಹಸ್ತಪ್ರತಿಗಳಲ್ಲಿ ಕಾಣುತ್ತದೆ. ಬಿಂದುವಿನ ಮೇಲೆ ಮಿಂಚಿನಂತೆ ಏರುವ ಗೆರೆಯೇ ಅದು. ಷಾರ್ಲಮೇನ್ ಚಕ್ರವರ್ತಿಯ ಆಸ್ಥಾನದಲ್ಲಿದ್ದ ಆಂಗ್ಲ ವಿದ್ವಾಂಸ ಆಲ್ಕ್ಯುಯಿನನ ಹೆಸರನ್ನು ಇದರೊಡನೆ ಹೇಳುವುದುಂಟು. ಓದುವವನು ಧ್ವನಿಯನ್ನು ಏರಿಸಬೇಕೆಂಬುದು ಅದರ ಸೂಚನೆಯಾಗಿತ್ತೆಂದು ತಿಳಿಯಲಾಗಿದೆ. 2011ರಲ್ಲಿ ಕೇಂಬ್ರಿಜಿನ ವಿದ್ವಾಂಸ ಚಿಪ್ ಕೋಕ್ಲಿ ಅವರು 5ನೆಯ ಶತಮಾನದ ಸಿರಿಯಾಕ್ ಹಸ್ತಪ್ರತಿಗಳಲ್ಲಿ ವಾಕ್ಯದ ಆದಿಯಲ್ಲಿ ಮೇಲೆ ಇಡುತ್ತಿದ್ದ ಎರಡು ಬಿಂದುಗಳೇ ಅತ್ಯಂತ ಪ್ರಾಚೀನವಾದ ಪ್ರಶ್ನಚಿಹ್ನೆಯಾಗಿರಬಹುದೆಂದು ಪ್ರತಿಪಾದಿಸಿದರು. ಸ್ಪೇನಿನ ರಾಜ ಅಕಾಡೆಮಿಯು 1754ರಲ್ಲಿ ವಾಕ್ಯದ ಮೊದಲಲ್ಲಿ ತಲೆಕೆಳಗಾದ ಪ್ರಶ್ನಚಿಹ್ನೆಯನ್ನು ಇಡಬೇಕೆಂದು ವಿಧಿಸಿತು. ದೀರ್ಘವಾಕ್ಯವನ್ನು ಓದುವವನಿಗೆ ಅದು ಪ್ರಶ್ನೆಯೆಂಬುದು ಮೊದಲೇ ತಿಳಿಯಲೆಂಬುದು ಅದರ ಆಶಯ.

ಆಂಗ್ಲದಲ್ಲಿ ಈ ಚಿಹ್ನೆಯ ಬಳಕೆಗೆ ಸಂಬಂಧಿಸಿದ ನಿಯಮಗಳು ಕೆಲವೇ. ನೇರ ಪ್ರಶ್ನೆಯ ಕೊನೆಯಲ್ಲಿ ಒಂದೇ ಚಿಹ್ನೆ ಸಾಕು. ಎರಡು ಮೂರು ಸಲ ಬರೆದರೆ ಪ್ರಶ್ನೆಗೆ ಬಲ ಬರುವುದಿಲ್ಲ. ಅದು ಪೂರ್ಣವಿರಾಮವನ್ನು ತನ್ನೊಳಗೆ ಒಳಗೊಂಡಿರುವುದರಿಂದ ಅದರ ಮುಂದೆ ಮತ್ತೆ ಪೂರ್ಣವಿರಾಮ ಬೇಡ. ಚಿಹ್ನೆಗೂ ಅದರ ಹಿಂದಿನ ಪದಕ್ಕೂ ನಡುವೆ ಎಡೆ ಬಿಡಬಾರದು. ಉದ್ಧರಿಸಿದ ಮಾತೇ ಪ್ರಶ್ನೆಯಾಗಿದ್ದರೆ ಚಿಹ್ನೆಯು ಉದ್ಧರಣ ಚಿಹ್ನೆಯ ಒಳಗೆ ಬರುತ್ತದೆ: ಹಿ ಆಸ್ಕ್ಡ್, "ವೇರ್ ಈಸ್ ಮೈ ಬುಕ್?" ಹೊರಗಿನ ವಾಕ್ಯವು ಮಾತ್ರ ಪ್ರಶ್ನೆಯಾಗಿದ್ದರೆ ಹೊರಗೆ ನಿಲ್ಲುತ್ತದೆ: ಡಿಡ್ ಹಿ ಸೇ, "ಐ ಆಮ್ ಟಯರ್ಡ್"? ಕನ್ನಡ ಬರಹದಲ್ಲಿಯೂ ಇವೇ ನಿಯಮಗಳು ಸಲ್ಲುತ್ತವೆ. 'ಯಾರೋ ಬಂದರು', 'ಅವನು ಏಕೆ ಬಂದನೆಂದು ಕೇಳಿದೆನು' ಎಂಬ ವಾಕ್ಯಗಳ ಮುಂದೆ ಪ್ರಶ್ನಚಿಹ್ನೆಯನ್ನು ಇಡುವ ಪ್ರಮಾದವು ಕನ್ನಡ ಉತ್ತರಪತ್ರಿಕೆಗಳಲ್ಲಿಯೂ ಕಾಣುವುದುಂಟು. ಪ್ರಶ್ನಪದವಿದ್ದ ಮಾತ್ರಕ್ಕೆ ವಾಕ್ಯವು ಪ್ರಶ್ನೆಯಾಗುವುದಿಲ್ಲ. ಉತ್ತರವನ್ನು ಬಯಸಿದಾಗ ಆಗುತ್ತದೆ.

ಉಪಸಂಹಾರ

ಮೇಲೆ ಹೇಳಿದುದೆಲ್ಲವನ್ನೂ ಒಂದು ವಾರದಲ್ಲಿ ಕಲಿಸಲಾಗದು. ಆದರೆ ಎರಡು ಭಾಷೆಗಳ ಉಪಾಧ್ಯಾಯರು ಕೂಡಿ ಕೆಲಸ ಮಾಡಿದರೆ ಒಂದು ವರ್ಷದಲ್ಲಿ ಕಲಿಸಬಹುದು. ಕನ್ನಡದ ತರಗತಿಯಲ್ಲಿ ವಿಭಕ್ತಿಯ ಪಾಠ ನಡೆಯುವ ದಿನವೇ ಆಂಗ್ಲದ ತರಗತಿಯಲ್ಲಿ 'ಹೂ', 'ಹೂಮ್' ಭೇದವನ್ನು ಹೇಳಬಹುದು. ಕನ್ನಡದ ನಿಷೇಧರೂಪವನ್ನು ಕಲಿಸುವಾಗ 'ಡಿಡ್' ಬಳಕೆಯನ್ನು ನೆನಪಿಸಬಹುದು. ದಿನಕ್ಕೊಬ್ಬ ವಿದ್ಯಾರ್ಥಿಯು ತಾನೇ ಒಂದು ಪ್ರಶ್ನೆಯನ್ನು ರಚಿಸಿ ಕರಿಹಲಗೆಯ ಮೇಲೆ ಬರೆಯುವ ಪದ್ಧತಿಯನ್ನು ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಉತ್ತರವನ್ನು ಬಾಯಿಪಾಠ ಮಾಡಿ ಒಪ್ಪಿಸಬಹುದು, ಪ್ರಶ್ನೆಯನ್ನು ಒಪ್ಪಿಸಲಾಗದು. ಅದು ಮಗುವಿನ ಬುದ್ಧಿಯಿಂದಲೇ ಹೊರಡಬೇಕು.

ಪ್ರಸಾದನಿಲಯದಲ್ಲಿ ಉಂಡು ಓದಿದ ಮಗುವು ನಾಳೆ ಸಂದರ್ಶನದ ಕೊಠಡಿಯಲ್ಲಿಯೋ ಆಸ್ಪತ್ರೆಯಲ್ಲಿಯೋ ನ್ಯಾಯಾಲಯದಲ್ಲಿಯೋ ನಿಂತು ಆಂಗ್ಲದಲ್ಲಿ ಒಂದು ಪ್ರಶ್ನೆಯನ್ನು ಕೇಳಬೇಕಾಗುತ್ತದೆ. ಆಗ ಅದರ ವಾಕ್ಯವು ಶುದ್ಧವಾಗಿದ್ದರೆ ಸಂತೋಷ. ಎಲ್ಲಿಯಾದರೂ ಒಂದು 'ಡಿಡ್' ಬಿಟ್ಟುಹೋದರೂ ಅದು ಅಂಜದೆ ಕೇಳುವಂತಿರಬೇಕು. ವಾಕ್ಯದ ತಪ್ಪನ್ನು ಮುಂದೆಯೂ ತಿದ್ದಬಹುದು, ಕೇಳದೆ ಉಳಿದ ಪ್ರಶ್ನೆಯನ್ನು ತಿದ್ದುವ ಉಪಾಯವಿಲ್ಲ.